ರಾಗವೆಂದರೆ ಸಿಟ್ಟು, ಲೋಭವೆಂದರೆ ಮಮತೆ

ಪುಣೆಯಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಇಂದ್ರಾಯಣಿಯ ದಡದಲ್ಲಿರುವ ದೇಹೂ ಸಂತ ತುಕಾರಾಮರ ಊರು. 17ನೆಯ ಶತಮಾನದ ಪೂರ್ವಾರ್ಧದಲ್ಲಿ ಬಾಳಿದ ಆ ಮಹಾನುಭಾವರ ಅಭಂಗಗಳಲ್ಲಿ ಕನ್ನಡಿಗರಾದ ನಾವು ವಿಶೇಷವಾಗಿ ಗಮನಿಸಬೇಕಾದದ್ದು ಒಂದಿದೆ. ಕನ್ನಡದ ಹೆಣ್ಣೊಬ್ಬಳು ಮರಾಠಿ ಗಂಡನನ್ನು ಕಟ್ಟಿಕೊಂಡಿದ್ದಾಳೆ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಆಕೆ ತನ್ನ ನುಡಿಯಲ್ಲಿ 'ಇಲ್ಲಿ ಬಾ' ಎಂದು ಕರೆದರೆ, ಆತ ಅದನ್ನು ಬೇರೇನೋ ಎಂದು ಭಾವಿಸಿ ದೂರ ಓಡುತ್ತಾನೆ. ತನ್ನ ಪಾಡು ಹೀಗಾಗದಿರಲಿ, ಸಜ್ಜನರ ಸಂಗವನ್ನು ಕೊಡು ಎಂದು ತುಕಾರಾಮರು ಕಮಲಾಪತಿಯನ್ನು ಬೇಡುತ್ತಾರೆ. ಹೊಂದಿಕೆಯಿಲ್ಲದಲ್ಲಿ ಸುಖದ ಒಡಲಲ್ಲೇ ದಣಿವು ಬೆಳೆಯುತ್ತದೆ ಎನ್ನುತ್ತಾರೆ. ಅಭಂಗದ ಉದ್ದೇಶ ಪಾರಮಾರ್ಥಿಕವಾದದ್ದು. ಆದರೂ ದೃಷ್ಟಾಂತವೊಂದು ಕೇಳುಗರಿಗೆ ತಟ್ಟಬೇಕಾದರೆ ಅದು ಅವರು ಕಂಡುಂಡ ಲೋಕದ್ದಾಗಿರಬೇಕು. ಆ ಕಾಲದ ಪುಣೆ ಪ್ರಾಂತದಲ್ಲಿ ಕನ್ನಡದ ಸೊಸೆ ಅಪರೂಪದವಳಾಗಿರಲಿಲ್ಲವೆಂಬುದಕ್ಕೆ ಈ ಪದ್ಯ ಒಂದು ಸಾಕ್ಷ್ಯವಾಗಬಲ್ಲದು.

ತುಕಾರಾಮರ ದಂಪತಿಗಳ ತೊಡಕು ಒಂದು ರೀತಿಯಲ್ಲಿ ಸರಳವಾದದ್ದು. ತಿಳಿಯದ ಮಾತನ್ನು ಕಲಿತರೆ ಅದು ನೀಗುತ್ತದೆ. ಪುಣೆಗೆ ಬಂದು ನೆಲೆಸಿದ ಕನ್ನಡಿಗರು ಮರಾಠಿ ಕಲಿಯುವಾಗ ಎದುರಿಸುವ ಕಷ್ಟ ಹೆಚ್ಚಾಗಿ ಇನ್ನೊಂದು ಬಗೆಯದು. ತಿಳಿಯದ ಪದಗಳಿಗಿಂತ, ತಿಳಿದಿದೆಯೆಂದು ನಾವು ನಂಬಿರುವ ಪದಗಳೇ ನಮ್ಮನ್ನು ದಾರಿ ತಪ್ಪಿಸುತ್ತವೆ. ಸಂಸ್ಕೃತದಿಂದ ಎರಡೂ ಭಾಷೆಗಳಿಗೆ ಬಂದ ಪದಗಳು ಸಾವಿರಾರು. ಅವುಗಳ ರೂಪ ಒಂದೇ, ಉಚ್ಚಾರಣೆಯೂ ಬಹುಮಟ್ಟಿಗೆ ಒಂದೇ. ಆದುದರಿಂದ ಅರ್ಥವೂ ಒಂದೇ ಇರಬೇಕೆಂದು ಕಲಿಯುವವನು ಊಹಿಸುತ್ತಾನೆ. ಈ ಊಹೆ ಸುಳ್ಳಾಗುವ ಪದಗಳಲ್ಲಿ ಎಲ್ಲಕ್ಕಿಂತ ಮೊದಲು ಕಿವಿಗೆ ಬೀಳುವುದು 'ರಾಗ'.

ಕನ್ನಡಿಗರ ನಿತ್ಯದ ಮಾತಿನಲ್ಲಿ ರಾಗವೆಂದರೆ ಸಂಗೀತದ ರಾಗ. ಪದ್ಯವನ್ನು ರಾಗವಾಗಿ ಓದುತ್ತೇವೆ. ಹಟಮಾರಿ ಮಗು ರಾಗ ಎಳೆಯುತ್ತದೆ. ಹೇಳಿದ್ದನ್ನೇ ಹೇಳುವವರನ್ನು ಕಂಡರೆ ಅದೇ ರಾಗ ಅದೇ ಹಾಡು ಎಂದು ಬೇಸರಪಡುತ್ತೇವೆ. ಬರಹದ ಭಾಷೆಯಲ್ಲಿ ರಾಗದ್ವೇಷ, ಅನುರಾಗ ಮುಂತಾದ ಸಮಾಸಗಳ ಮೂಲಕ ಒಲವು, ಆಸಕ್ತಿ ಎಂಬ ಅರ್ಥವೂ ನಮಗೆ ಪರಿಚಿತ. ಮರಾಠಿಯಲ್ಲಾದರೋ ರಾಗವೆಂದರೆ ಮೊದಲಿಗೆ ಸಿಟ್ಟು. 'ರಾಗ ಆಲಾ' ಎಂದರೆ ಸಿಟ್ಟು ಬಂತು, 'ರಾಗಾವೂ ನಕಾ' ಎಂದರೆ ಸಿಟ್ಟಾಗಬೇಡಿ, 'ರಾಗೀಟ' ಎಂದರೆ ಮುಂಗೋಪಿ. ಸಿಟ್ಟನ್ನು ನುಂಗಿಕೊಳ್ಳುವುದಕ್ಕೆ ಅವರು ರಾಗವನ್ನು ನುಂಗುವುದು ಎನ್ನುತ್ತಾರೆ. ಯಮನ, ಭೂಪ, ತೋಡಿಗಳಿಗೂ ಅವರಲ್ಲಿ ರಾಗವೆಂದೇ ಹೆಸರು. ರಾಗ ಬಂದರೆ ಕೋಪ, ರಾಗ ಹಾಡಿದರೆ ಸಂಗೀತ. ಕ್ರಿಯಾಪದವನ್ನು ನೋಡಿ ಅರ್ಥವನ್ನು ಬೇರ್ಪಡಿಸುವುದು ಅವರಿಗೆ ಪ್ರಯಾಸವಿಲ್ಲದ ಅಭ್ಯಾಸ. ಹೊಸದಾಗಿ ಕಲಿಯುವ ಕನ್ನಡಿಗನಿಗೆ ಮಾತ್ರ ನೆರೆಮನೆಯ ಅಜ್ಜನಿಗೆ 'ರಾಗ ಬಂದಿದೆ' ಎಂದು ಕೇಳಿದಾಗ, ಬೈಗುಳಕ್ಕೆ ಬದಲು ಆಲಾಪವೇ ನೆನಪಾಗುತ್ತದೆ.

ಈ ಭೇದವನ್ನು ಒಂದು ಭಾಷೆ ಶುದ್ಧವಾಗಿ ಉಳಿಸಿಕೊಂಡಿತು, ಇನ್ನೊಂದು ಕೆಡಿಸಿತು ಎಂದು ವಿವರಿಸುವವರಿದ್ದಾರೆ. ಪದದ ಚರಿತ್ರೆಯನ್ನು ನೋಡಿದರೆ ಆ ವಿವರಣೆ ನಿಲ್ಲುವುದಿಲ್ಲ. ರಾಗ ಪದದ ಮೂಲ ರಂಜ್ ಎಂಬ ಧಾತು. ಬಣ್ಣ ಏರುವುದು, ಅದರಲ್ಲೂ ಕೆಂಪಾಗುವುದು ಎಂಬುದು ಅದರ ಅರ್ಥ. ರಕ್ತ, ರಂಗು, ರಂಜನೆ, ರಂಜಕ ಎಲ್ಲವೂ ಆ ಕುಲದವೇ. ಬಟ್ಟೆಗೆ ಬಣ್ಣ ಹಿಡಿದಂತೆ ಮನಸ್ಸಿಗೆ ಹಿಡಿಯುವ ಬಣ್ಣವೂ ರಾಗವೆನಿಸಿತು. ಪತಂಜಲಿಯ ಯೋಗಸೂತ್ರದಲ್ಲಿ ರಾಗವೆಂದರೆ ಸುಖವನ್ನು ಹಿಂಬಾಲಿಸಿ ಹೋಗುವ ಆಸೆ; ಐದು ಕ್ಲೇಶಗಳಲ್ಲಿ ಅದೊಂದು, ಅದರ ಎದುರಿಗೆ ನಿಲ್ಲುವುದು ದ್ವೇಷ. ಜೈನರಿಗೆ ಜಿನನು ವೀತರಾಗ, ಎಂದರೆ ಆ ಬಣ್ಣ ಕಳಚಿಕೊಂಡವನು. ಭಗವದ್ಗೀತೆಯ ಎರಡನೆಯ ಅಧ್ಯಾಯ ಸ್ಥಿತಪ್ರಜ್ಞನನ್ನು ವರ್ಣಿಸುವಾಗ ರಾಗ, ಭಯ, ಕ್ರೋಧಗಳೆಂದು ಮೂರನ್ನು ಬೇರೆ ಬೇರೆಯಾಗಿ ಎಣಿಸುತ್ತದೆ. ನಿತ್ಯದ ಮರಾಠಿಯ ಅರ್ಥವನ್ನೇ ಹಿಡಿದು ಆ ಶ್ಲೋಕವನ್ನು ಓದಿದರೆ ಸಿಟ್ಟು ಎರಡು ಸಲ ಬಂದಂತಾಗುತ್ತದೆ. ನಿತ್ಯದ ಕನ್ನಡದ ಅರ್ಥವನ್ನು ಹಿಡಿದರೆ ಸ್ಥಿತಪ್ರಜ್ಞನು ಸಂಗೀತವನ್ನು ತೊರೆದವನಾಗುತ್ತಾನೆ. ಗ್ರಂಥದ ಅರ್ಥ ಈ ಎರಡೂ ಅಲ್ಲ. ಹಾಗಿರುವಾಗ ಮೂಲವನ್ನು ಉಳಿಸಿಕೊಂಡ ಹೆಗ್ಗಳಿಕೆ ಇಬ್ಬರಿಗೂ ಸಲ್ಲುವುದಿಲ್ಲ.

ಸಂಗೀತದ ಅರ್ಥವೂ ಬಣ್ಣದಿಂದಲೇ ಬಂದದ್ದು. ಜನರ ಚಿತ್ತವನ್ನು ರಂಜಿಸುವ ಧ್ವನಿವಿಶೇಷವೇ ರಾಗವೆಂಬ ಲಕ್ಷಣವನ್ನು ಮತಂಗನ 'ಬೃಹದ್ದೇಶೀ'ಯಲ್ಲಿ ಕಾಣುತ್ತೇವೆ. ಸಿಟ್ಟಿನ ಅರ್ಥಕ್ಕೂ ಕೆಂಪಿನ ದಾರಿ ತೆರೆದೇ ಇತ್ತು. ಕೋಪ ಬಂದವನ ಮುಖ, ಕಣ್ಣು ಕೆಂಪಗಾಗುತ್ತವೆ. ಕನ್ನಡದಲ್ಲಿ ಅದೇ ಅನುಭವಕ್ಕೆ ಕೆಂಗಣ್ಣು, ಕೆಂಡಾಮಂಡಲ ಎಂಬ ಬೇರೆ ಮಾತುಗಳಿವೆ. ಇದರ ಜೊತೆಗೆ ಇನ್ನೊಂದು ದಾರಿಯನ್ನೂ ಊಹಿಸಬಹುದು. ಕಾವ್ಯಶಾಸ್ತ್ರದಲ್ಲಿ ನಾಯಿಕೆಯ ಮುನಿಸಿಗೆ ಪ್ರಣಯಕೋಪವೆಂದು ಹೆಸರು. ಒಲವಿಲ್ಲದಲ್ಲಿ ಆ ಮುನಿಸು ಹುಟ್ಟದು. ಒಲವನ್ನೂ ಅದರಿಂದ ಹುಟ್ಟಿದ ಕೋಪವನ್ನೂ ಒಂದೇ ಪದದಿಂದ ಕರೆದು, ಕಾಲಕ್ರಮದಲ್ಲಿ ಮೊದಲನೆಯದು ಹಿಂದೆ ಸರಿದು ಎರಡನೆಯದು ಮುಂದೆ ಬಂದಿರಬಹುದು.

ಮರಾಠಿ ಇದರಲ್ಲಿ ಒಂಟಿಯೂ ಅಲ್ಲ. ಬಂಗಾಳಿಯಲ್ಲೂ ಒಡಿಯಾದಲ್ಲೂ ರಾಗವೆಂದರೆ ಸಿಟ್ಟೇ. ಅದೇ ಬಂಗಾಳದ ವೈಷ್ಣವರು ಭಗವಂತನ ಮೇಲಿನ ಉತ್ಕಟ ಪ್ರೇಮವನ್ನು ರಾಗಾನುಗಾ ಭಕ್ತಿಯೆಂದು ಕರೆದರು. ಮನೆಯ ಮಾತಿನಲ್ಲಿ ಕೋಪವೂ ಮಠದ ಮಾತಿನಲ್ಲಿ ಪ್ರೇಮವೂ ಒಂದೇ ಪದದಲ್ಲಿ ನಿಂತವು. ನಮ್ಮ ಕರಾವಳಿಯ ಕೊಂಕಣಿಯಲ್ಲಿಯೂ ರಾಗವೆಂದರೆ ಸಿಟ್ಟು. ಮಂಗಳೂರು, ಕುಮಟೆಗಳ ಕೊಂಕಣಿ ಮನೆಯ ಮಕ್ಕಳು ಮನೆಯಲ್ಲಿ ಒಂದು ರಾಗವನ್ನೂ ಕನ್ನಡ ಶಾಲೆಯಲ್ಲಿ ಇನ್ನೊಂದು ರಾಗವನ್ನೂ ಕಲಿತು ಬೆಳೆಯುತ್ತಾರೆ. ಎರಡು ಅರ್ಥಗಳು ಕೂಡಿ ಬಾಳುವುದಕ್ಕೆ ಪುಣೆಯವರೆಗೆ ಬರಬೇಕಾಗಿಲ್ಲ. ಕರ್ನಾಟಕದೊಳಗೇ ಅದು ತಲೆಮಾರುಗಳಿಂದ ನಡೆದು ಬಂದಿದೆ.

ರಾಗದ ಜೊತೆಗಾರನಾಗಿ ಮರಾಠಿಯಲ್ಲಿ ಬರುವ ಇನ್ನೊಂದು ಪದ ಲೋಭ. ಅರಿಷಡ್ವರ್ಗದಲ್ಲಿ ಮೂರನೆಯವನೆಂದು ನಾವು ಬಲ್ಲ ಲೋಭ ಕನ್ನಡದಲ್ಲಿ ದುರಾಸೆ, ಜಿಪುಣತನ. ಲೋಭಿಯ ಹಣದ ಬಗೆಗೆ ನಮ್ಮಲ್ಲಿ ನೀತಿಕಥೆಗಳಿಗೆ ಬರವಿಲ್ಲ. ಮರಾಠಿಯಲ್ಲಿ ಆ ಅರ್ಥವಿದ್ದರೂ ಅದರ ಜೊತೆಗೇ ಮಮತೆ, ಸ್ನೇಹ ಎಂಬ ಅರ್ಥ ಗಟ್ಟಿಯಾಗಿ ನೆಲೆಸಿದೆ. 'ರಾಗಲೋಭ' ಎಂದರೆ ಸಿಟ್ಟು ಮತ್ತು ಪ್ರೀತಿ. ಮರಾಠಿಯ ಸಾಂಪ್ರದಾಯಿಕ ಪತ್ರ ಮುಗಿಯುವುದು 'ಲೋಭ ಅಸಾವಾ' ಎಂಬ ಬಿನ್ನಹದಿಂದ. ಪ್ರೀತಿಯಿರಲಿ ಎಂದು ಅದರ ತಾತ್ಪರ್ಯ. ಅಕ್ಷರ ಕೂಡಿಸಿ ಓದುವಷ್ಟು ಮಾತ್ರ ಮರಾಠಿ ಬಲ್ಲ ಕನ್ನಡಿಗನಿಗೆ ಅದು ದುರಾಸೆಯಿರಲಿ ಎಂಬ ಹಾರೈಕೆಯಾಗಿ ತೋರೀತು.

ಈ ಒಕ್ಕಣೆಗೆ ದೀರ್ಘವಾದ ಇತಿಹಾಸವಿದೆ. ಪೇಶವೆಗಳ ಕಾಲದ ಪತ್ರಗಳಲ್ಲಿ, ಹೆಚ್ಚು ಬರೆಯುವುದೇನು, ಲೋಭವಿರಲಿ ಎಂಬ ಅರ್ಥದ ಮುಕ್ತಾಯ ಮತ್ತೆ ಮತ್ತೆ ಬರುತ್ತದೆ. ಪುಣೆಯ ಪೇಶವೆ ದಫ್ತರದಲ್ಲಿ ಉಳಿದ ಕಾಗದಗಳಿಂದ ಆಯ್ದು ಗೋ.ಸ. ಸರದೇಸಾಯಿಯವರು 1930ರ ದಶಕದಲ್ಲಿ 45 ಸಂಪುಟಗಳನ್ನು ಹೊರತಂದರು. ವಿ.ಕಾ. ರಾಜವಾಡೆಯವರು 1910ರಲ್ಲಿ ಇದೇ ಪುಣೆಯಲ್ಲಿ ಸ್ಥಾಪಿಸಿದ ಭಾರತ ಇತಿಹಾಸ ಸಂಶೋಧಕ ಮಂಡಲವೂ ಇಂಥ ಪತ್ರಗಳ ದೊಡ್ಡ ಭಂಡಾರ. ಈ ಪತ್ರವ್ಯವಹಾರದ ಒಂದು ಭಾಗ ಕನ್ನಡ ನಾಡಿನೊಡನೆ ನಡೆದದ್ದು. ಜಮಖಂಡಿ, ರಾಮದುರ್ಗ, ಮುಧೋಳಗಳಂಥ ಸಂಸ್ಥಾನಗಳಲ್ಲಿ ಪ್ರಜೆಗಳ ಮಾತು ಕನ್ನಡವಾದರೂ ದರಬಾರಿನ ಕಾಗದ ಮರಾಠಿ. ಹಳ್ಳಿಯ ಕುಲಕರ್ಣಿ ಮಾತಾಡುತ್ತಿದ್ದುದು ಕನ್ನಡವಾದರೂ ಲೆಕ್ಕ ಬರೆಯುತ್ತಿದ್ದುದು ಮೋಡಿ ಲಿಪಿಯಲ್ಲಿ. ಒಂದೇ ಕೈಯಿಂದ ಹಗಲು ಕಾಗದದಲ್ಲಿ ಲೋಭವಿರಲಿ ಎಂದು ಬರೆದು, ಸಂಜೆ ಪುರಾಣದಲ್ಲಿ ಲೋಭವನ್ನು ತ್ಯಜಿಸಬೇಕೆಂದು ಕೇಳಿದವರು ಅನೇಕರಿದ್ದಿರಬೇಕು. ಅವರಿಗೆ ಎರಡು ಅರ್ಥಗಳೂ ಗೊತ್ತಿದ್ದವು; ಗೊಂದಲಕ್ಕೆ ಎಡೆಯಿರಲಿಲ್ಲ.

ಲೋಭದ ಮೂಲವಾದ ಲುಭ್ ಧಾತುವಿಗೆ ಹಂಬಲಿಸು, ಮರುಳಾಗು ಎಂಬ ಅರ್ಥ. ಹಂಬಲ ಹಣದ ಕಡೆ ತಿರುಗಿದರೆ ದುರಾಸೆ, ಮನುಷ್ಯರ ಕಡೆ ತಿರುಗಿದರೆ ಮಮತೆ. ಇಂಗ್ಲಿಷಿನ ಲವ್ ಎಂಬ ಪದವೂ ಇದೇ ಪ್ರಾಚೀನ ಮೂಲಕ್ಕೆ ಸೇರಿದ್ದೆಂಬುದು ಭಾಷಾಶಾಸ್ತ್ರದ ನಿರ್ಣಯ. ಮರಾಠಿ ಪತ್ರದ ಲೋಭಕ್ಕೂ ಇಂಗ್ಲಿಷ್ ಪತ್ರದ ಕೊನೆಯಲ್ಲಿ ಬರುವ ಲವ್‌ಗೂ ಹೀಗೆ ಬಹು ದೂರದ ನೆಂಟಸ್ತಿಕೆಯುಂಟು. ಸಂಸ್ಕೃತದಲ್ಲಿ ಒಲವಾಗಿದ್ದ ರಾಗ ಮರಾಠಿಯಲ್ಲಿ ಸಿಟ್ಟಾಯಿತು. ಶಾಸ್ತ್ರದಲ್ಲಿ ವೈರಿಯಾಗಿದ್ದ ಲೋಭ ಅಲ್ಲಿ ಒಲವಾಯಿತು. ಒಂದು ಜಾಗ ಬಿಟ್ಟಾಗ ಇನ್ನೊಂದು ಅಲ್ಲಿಗೆ ಬಂದು ಕುಳಿತಂತೆ ಕಾಣುವ ಈ ಅದಲುಬದಲು ಕಲಿಯುವವರಿಗೆ ತೊಡಕೆನಿಸಿದರೂ ಭಾಷೆಯ ಇತಿಹಾಸದ ದೃಷ್ಟಿಯಿಂದ ಬಹಳ ಬೆಲೆಯುಳ್ಳದ್ದು.

ಅರ್ಥ ಬದಲಿಸಿದ್ದು ಮರಾಠಿ ಮಾತ್ರವೆಂದು ತಿಳಿದರೆ ನಮ್ಮ ನುಡಿಗೆ ನಾವೇ ಕುರುಡರಾದಂತೆ. ಅವಾಂತರವೆಂದರೆ ಸಂಸ್ಕೃತದಲ್ಲಿ ನಡುವಿನದು, ಒಳಗೆ ಸೇರಿದ್ದು. ಮರಾಠಿಯಲ್ಲಿ ಅದು ಮುಖ್ಯ ವಿಷಯಕ್ಕೆ ಹೊರತಾದದ್ದು ಎಂಬ ಅರ್ಥಕ್ಕೆ ಬಂದು ನಿಂತಿತು. ಪುಣೆಯ ಶಾಲೆಗಳಲ್ಲಿ ಪಠ್ಯದ ಹೊರಗಿನ ಓದಿಗೆ 'ಅವಾಂತರ ವಾಚನ'ವೆಂದು ಹೆಸರು. ಒಳ್ಳೆಯ ವಿದ್ಯಾರ್ಥಿಯಾಗಲು ಅದು ಅವಶ್ಯಕವೆಂದು ಶಿಕ್ಷಕರು ಹೇಳುತ್ತಾರೆ. ಕನ್ನಡದಲ್ಲಿ ಅವಾಂತರವೆಂದರೆ ಅನಾಹುತ. ಮಗುವಿಗೆ ಅವಾಂತರ ಓದು ಬೇಕೆಂದು ಕೇಳಿದ ಕನ್ನಡ ತಾಯ್ತಂದೆಗಳು ಗಾಬರಿಯಾದರೆ ಆಶ್ಚರ್ಯವಿಲ್ಲ. ಅನುಮಾನವು ತರ್ಕಶಾಸ್ತ್ರದಲ್ಲಿ ಜ್ಞಾನದ ಪ್ರಮಾಣಗಳಲ್ಲೊಂದು. ಹೊಗೆಯನ್ನು ಕಂಡು ಬೆಂಕಿಯನ್ನು ನಿಶ್ಚಯಿಸುವುದು ಅನುಮಾನ. ಮರಾಠಿ ಆ ಅರ್ಥವನ್ನು ಉಳಿಸಿಕೊಂಡಿದೆ. ಕನ್ನಡದಲ್ಲಿ ನಿಶ್ಚಯಕ್ಕೆ ಸಾಧನವಾಗಿದ್ದ ಪದವೇ ನಿಶ್ಚಯವಿಲ್ಲದ ಸ್ಥಿತಿಗೆ, ಸಂಶಯಕ್ಕೆ ಹೆಸರಾಯಿತು. ಸಮಯ, ಸಂದರ್ಭ ಎಂಬ ಅರ್ಥದ ಅವಸರ ನಮ್ಮಲ್ಲಿ ತ್ವರೆಯಾಯಿತು. ರಾಗ ಒಲವಿನಿಂದ ಸಿಟ್ಟಿಗೆ ನಡೆದ ದೂರಕ್ಕಿಂತ ಅನುಮಾನ ನಮ್ಮಲ್ಲಿ ನಡೆದ ದೂರ ಕಡಿಮೆಯೇನಲ್ಲ.

ಬೇರೆ ಕೆಲವು ಪದಗಳಲ್ಲಿ ಕನ್ನಡ, ಮರಾಠಿಗಳೆರಡೂ ಒಟ್ಟಾಗಿ ಹಿಂದಿಯಿಂದ ಬೇರೆಯಾಗಿವೆ. ಶಿಕ್ಷೆಯೆಂದರೆ ನಮ್ಮಿಬ್ಬರಿಗೂ ದಂಡನೆ, ಹಿಂದಿಯವರಿಗೆ ವಿದ್ಯೆ. ಸಂಸಾರವೆಂದರೆ ನಮ್ಮಿಬ್ಬರಿಗೂ ಹೆಂಡತಿ ಮಕ್ಕಳ ಮನೆವಾರ್ತೆ, ಹಿಂದಿಯವರಿಗೆ ಜಗತ್ತು. ಬಾಣಭಟ್ಟನ ಕೃತಿಯ ಹೆಸರನ್ನು ಒಂದು ಸಾಹಿತ್ಯಪ್ರಕಾರಕ್ಕೇ ಇಟ್ಟು ನಾವಿಬ್ಬರೂ ಕಾದಂಬರಿ ಎಂದೆವು. ಹಿಂದಿಯವರು ಅದನ್ನು ಉಪನ್ಯಾಸವೆನ್ನುತ್ತಾರೆ, ನಮಗೆ ಉಪನ್ಯಾಸವೆಂದರೆ ಭಾಷಣ. ಭಾಷಾಕುಲಗಳ ಲೆಕ್ಕದಲ್ಲಿ ಮರಾಠಿ ಹಿಂದಿಗೆ ಹತ್ತಿರ, ಕನ್ನಡ ದೂರ. ಆದರೆ ಇಂಥ ಪದಗಳ ಅರ್ಥವನ್ನು ಕುಲಕ್ಕಿಂತ ಹೆಚ್ಚಾಗಿ ನೆರೆಹೊರೆಯ ಬಾಳು ರೂಪಿಸಿದೆ.

ಆ ನೆರೆಹೊರೆಯ ಬಾಳು ಎಲ್ಲಕ್ಕಿಂತ ನಿಚ್ಚಳವಾಗಿ ಕಾಣುವುದು ಸಂಗೀತದ ರಾಗದಲ್ಲೇ. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು 'ಸೀತಾ ಸ್ವಯಂವರ'ವನ್ನು ಆಡಿ ಮರಾಠಿ ರಂಗಭೂಮಿಗೆ ನಾಂದಿ ಹಾಡಿದರು. ಉತ್ತರ ಕನ್ನಡದಿಂದ ಅಲ್ಲಿಗೆ ಬಂದ ಭಾಗವತರ ಮೇಳದ ಆಟವೇ ಅದಕ್ಕೆ ಪ್ರೇರಣೆ. ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಅವರ 'ಸಂಗೀತ ಶಾಕುಂತಲ' 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ರಂಗಕ್ಕೇರಿತು. ಅದರ ಹಾಡುಗಳಿಗೆ ಅವರು ಕರ್ನಾಟಕದ ಧಾಟಿಗಳನ್ನೂ ಬಳಸಿಕೊಂಡರು. ಕಾಳಿದಾಸನ ಮೂಲ ನಾಟಕದ ಆರಂಭದಲ್ಲಿ ಸೂತ್ರಧಾರನು ನಟಿಯ ಹಾಡಿನ ರಾಗ ತನ್ನನ್ನು ಸೆಳೆದೊಯ್ದಿತೆನ್ನುತ್ತಾನೆ. ಮುಂದೆ ಶಕುಂತಲೆಯ ಬಾಳನ್ನು ತಿರುಗಿಸುವುದು ದುರ್ವಾಸರ ಸಿಟ್ಟು. ಕನ್ನಡದ ರಾಗದಿಂದ ತೊಡಗಿ ಮರಾಠಿಯ ರಾಗಕ್ಕೆ ಸಾಗುವ ಕಥೆಯೆಂದು ಅದನ್ನು ಎರಡೂ ಬಲ್ಲವರು ವಿನೋದಕ್ಕೆ ಹೇಳಬಹುದು.

ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ಮರುವರ್ಷ, ಅವರ ಶಿಷ್ಯರಾದ ಗದಗಿನ ಭೀಮಸೇನ ಜೋಶಿಯವರು ಗುರುಗಳ ಹೆಸರಿನ ಸಂಗೀತ ಮಹೋತ್ಸವವನ್ನು ಪುಣೆಯಲ್ಲಿ ಮೊದಲ್ಗೊಂಡರು. ಮರಾಠಿ ಅಭಂಗಗಳನ್ನೂ ಕನ್ನಡ ದಾಸರ ಪದಗಳನ್ನೂ ಒಂದೇ ಕಂಠದಿಂದ ಹಾಡಿ ಎರಡೂ ನಾಡಿನ ಮನೆಮಾತಾದರು. ಅವರು ಹಾಡುತ್ತಿದ್ದ ದರಬಾರಿ ಕಾನಡಾದ ಹೆಸರಿನಲ್ಲೇ ನಮ್ಮ ನಾಡಿದೆ. ಮರಾಠಿಯಲ್ಲಿ 'ಕಾನಡಾ' ಎಂದರೆ ಕನ್ನಡದವನು. ಅರ್ಥಕ್ಕೆ ನಿಲುಕದ್ದು, ವಿಚಿತ್ರವಾದದ್ದು ಎಂಬ ಅರ್ಥವೂ ಅದಕ್ಕುಂಟು. ಜ್ಞಾನೇಶ್ವರರದೆಂದು ಪ್ರಸಿದ್ಧವಾದ ಅಭಂಗವೊಂದು ಪಂಢರಿಯ ವಿಠ್ಠಲನನ್ನು ಕಾನಡಾ ಎಂದು ಕರೆದಾಗ, ಕನ್ನಡದ ದೇವರೆಂದೂ ನಿಲುಕದ ದೇವರೆಂದೂ ಎರಡು ವ್ಯಾಖ್ಯಾನಗಳು ಹುಟ್ಟಿಕೊಂಡವು. ನೆರೆಯವರ ಮಾತು ತಿಳಿಯದಿದ್ದಾಗ ಅವರ ಹೆಸರೇ ತಿಳಿಯದ್ದಕ್ಕೆ ಹೆಸರಾಗುವುದು ಲೋಕದ ರೂಢಿ. ಗ್ರೀಕರು ತಮಗೆ ತಿಳಿಯದ ನುಡಿಯವರನ್ನೆಲ್ಲ ಬಾರ್ಬರರೆಂದು ಕರೆದದ್ದೂ ಇದೇ ಬಗೆಯದು.

ಇನ್ನೊಂದು ಸಾಲಿನ ಕನ್ನಡಿಗರು ವಿದ್ಯೆಗಾಗಿ ಇಲ್ಲಿಗೆ ಬಂದವರು. 1885ರಲ್ಲಿ ಆರಂಭವಾದ ಫರ್ಗ್ಯುಸನ್ ಕಾಲೇಜು ಮುಂಬಯಿ ಪ್ರಾಂತದ ಕನ್ನಡ ತರುಣರಿಗೆ ದೊಡ್ಡ ಆಶ್ರಯವಾಯಿತು. ಆಲೂರು ವೆಂಕಟರಾಯರು ಅಲ್ಲಿ ಓದಿದರು. ಮುಂದೆ ಕರ್ನಾಟಕದ ಏಕೀಕರಣಕ್ಕೆ ದನಿ ಎತ್ತಿದ ಪ್ರಮುಖರಲ್ಲಿ ಅವರೊಬ್ಬರು. ಲೋಕಮಾನ್ಯ ತಿಲಕರ ಮರಾಠಿ 'ಗೀತಾರಹಸ್ಯ'ವನ್ನು ಕನ್ನಡಕ್ಕೆ ತಂದವರೂ ಅವರೇ. ಮರಾಠಿಯ ಸಂಸ್ಕೃತ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಬಿಟ್ಟರೆ ಅನುವಾದವಾಗದು. ಪ್ರತಿಯೊಂದು ಪದವೂ ಶಾಸ್ತ್ರದ ಅರ್ಥದಲ್ಲಿದೆಯೋ ಮನೆಮಾತಿನ ಅರ್ಥದಲ್ಲಿದೆಯೋ ಎಂದು ತೂಗಬೇಕಾಗುತ್ತದೆ. ದ.ರಾ. ಬೇಂದ್ರೆಯವರು 1918ರಲ್ಲಿ ಅದೇ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. ಮನೆಮಾತು ಮರಾಠಿಯಾಗಿದ್ದ ಅವರು ಕನ್ನಡದಲ್ಲಿ 'ರಾಗರತಿ' ಎಂಬ ಕವಿತೆ ಬರೆದಾಗ, ಸಂಜೆಯ ಕೆಂಪು, ಒಲವು, ಹಾಡು ಮೂರನ್ನೂ ಒಂದೇ ಪದಕ್ಕೆ ಹೊರಿಸಬಲ್ಲವರಾಗಿದ್ದರು. ಸಿಟ್ಟೆಂಬ ನಾಲ್ಕನೆಯ ಅರ್ಥವೂ ಅವರ ಕಿವಿಯಲ್ಲಿ ಬಾಲ್ಯದಿಂದಲೇ ಇತ್ತು.

ಪದಗಳ ಬಾಳಿನ ಕಥೆಯನ್ನು ಬರೆಯುವ ಬಹುದೊಡ್ಡ ಉದ್ಯಮವೊಂದು ಪುಣೆಯಲ್ಲೇ ನಡೆಯುತ್ತಿದೆ. ಡೆಕ್ಕನ್ ಕಾಲೇಜಿನಲ್ಲಿ 1948ರಲ್ಲಿ ಸು.ಮಂ. ಕತ್ರೆಯವರು ಐತಿಹಾಸಿಕ ಕ್ರಮದ ಸಂಸ್ಕೃತ ನಿಘಂಟಿನ ಯೋಜನೆಯನ್ನು ಕೈಗೊಂಡರು. ಋಗ್ವೇದದಿಂದ ಈಚಿನ ಶತಮಾನಗಳವರೆಗಿನ ಸುಮಾರು 1500 ಗ್ರಂಥಗಳಿಂದ ಪ್ರತಿ ಪದದ ಪ್ರಯೋಗಗಳನ್ನು ಚೀಟಿಗಳ ಮೇಲೆ ಬರೆದು ಕೂಡಿಹಾಕಿದರು. ಆ ಚೀಟಿಗಳ ಸಂಖ್ಯೆ ಒಂದು ಕೋಟಿಯಷ್ಟು. ಮೊದಲ ಸಂಪುಟ ಅಚ್ಚಾದದ್ದು 1970ರ ದಶಕದಲ್ಲಿ. ಮೂವತ್ತಕ್ಕೂ ಹೆಚ್ಚು ಸಂಪುಟಗಳು ಬಂದ ಮೇಲೂ 'ಅ'ಕಾರವೇ ಮುಗಿದಿಲ್ಲ. ಪದದ ಅರ್ಥವನ್ನು ಗ್ರಂಥದಿಂದ ಗ್ರಂಥಕ್ಕೆ, ಕಾಲದಿಂದ ಕಾಲಕ್ಕೆ ಬೆನ್ನಟ್ಟುವ ಕೆಲಸ ಎಷ್ಟು ದೀರ್ಘವೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಿಲ್ಲ. ಅವಸರ, ಅವಾಂತರ, ಅನುಮಾನಗಳೆಲ್ಲ 'ಅ'ಕಾರದವೇ. ರಾಗದ ಸರದಿಯನ್ನು ನೋಡಲು ನಮ್ಮ ಮೊಮ್ಮಕ್ಕಳೂ ಕಾಯಬೇಕಾದೀತು.

ಇದನ್ನೆಲ್ಲ ಇಷ್ಟು ವಿಸ್ತಾರವಾಗಿ ಹೇಳಲು ಕಾರಣವಿದೆ. ಪುಣೆಯಲ್ಲಿ ಬೆಳೆಯುವ ನಮ್ಮ ಮಕ್ಕಳು ಶಾಲೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಕಲಿಯುತ್ತಾರೆ. ಕನ್ನಡ ಮನೆಯಲ್ಲಷ್ಟೇ ಉಳಿದಿದೆ. ಅಜ್ಜಿಗೆ ರಾಗ ಬಂದಿದೆ ಎಂದು ಮಗು ಕನ್ನಡದಲ್ಲಿ ಹೇಳಿದಾಗ ನಾವು ನಕ್ಕುಬಿಡುತ್ತೇವೆ, ಇಲ್ಲವೆ ತಪ್ಪು ಕನ್ನಡವೆಂದು ಗದರುತ್ತೇವೆ. ಎರಡು ಮೂರು ಸಲ ಗದರಿಸಿಕೊಂಡ ಮಗು ಮರುಸಲ ಆ ಮಾತನ್ನು ಮರಾಠಿಯಲ್ಲೇ ಆಡುತ್ತದೆ. ಕೊನೆಗೆ ಮನೆಯಲ್ಲೂ ಕನ್ನಡವಾಡುವುದನ್ನು ಬಿಡುತ್ತದೆ. ನಗೆಪಾಟಲಾಗುವ ಅಂಜಿಕೆಯಿಂದ ಮರಾಠಿಯಾಡಲು ಹಿಂಜರಿಯುವ ಹಿರಿಯರೂ ನಮ್ಮಲ್ಲಿದ್ದಾರೆ. ಎರಡೂ ಕಡೆ ನಷ್ಟ ಒಂದೇ ಬಗೆಯದು. ಮಗುವಿನ ಮಾತಿಗೆ ನಾವು ಕೊಡಬೇಕಾದ ಉತ್ತರ ಸುಲಭವಾಗಿದೆ: ನಮ್ಮಲ್ಲಿ ಅದಕ್ಕೆ ಸಿಟ್ಟು ಎನ್ನುತ್ತಾರೆ, ನಿನ್ನ ಗೆಳೆಯರ ಮನೆಯಲ್ಲಿ ರಾಗವೆನ್ನುತ್ತಾರೆ, ಎರಡೂ ಸರಿ. ಸಮಯವಿದ್ದರೆ ಕೆಂಪು ಬಣ್ಣದ ಕಥೆಯನ್ನೂ ಹೇಳಬಹುದು. ಬಣ್ಣದಿಂದ ಒಲವೂ ಹಾಡೂ ಸಿಟ್ಟೂ ಹೇಗೆ ಹೊರಟವೆಂದು ಕೇಳಿದ ಮಗು ಎರಡು ನುಡಿಗಳನ್ನೂ ಆಸಕ್ತಿಯಿಂದ ಕಲಿತೀತು.

ತುಕಾರಾಮರ ದೃಷ್ಟಾಂತದ ಗಂಡನಿಗೆ ಹೆಂಡತಿಯ ಕರೆ ತಿಳಿಯಲಿಲ್ಲ, ಓಡಿಹೋದ. ಅಲ್ಲಿಯೇ ನಿಂತು, ನೀನು ಹೇಳಿದ್ದೇನು ಎಂದು ಆತ ಕೇಳಿದ್ದರೆ ಮನೆ ಉಳಿಯುತ್ತಿತ್ತು. ಕುಲಕರ್ಣಿಗಳು, ಕೀರ್ತನಕಾರರು, ಗಾಯಕರು, ಅನುವಾದಕರು ಮುನ್ನೂರು ವರ್ಷಗಳಿಂದ ಹಾಗೆ ನಿಂತು ಕೇಳಿದ್ದರಿಂದಲೇ ಪುಣೆಯಲ್ಲಿ ಕನ್ನಡಿಗರ ಬಾಳು ಸಾಧ್ಯವಾಗಿದೆ. ಆ ರೂಢಿಯನ್ನು ಮುಂದಿನವರಿಗೆ ದಾಟಿಸುವ ಹೊಣೆ ಈಗ ನಮ್ಮದು. ಓದುಗ ಮಿತ್ರರಲ್ಲಿ ರಾಗ ಬೇಡ, ಲೋಭವಿರಲಿ ಎಂದು ಬಿನ್ನವಿಸುತ್ತ ಮುಗಿಸುತ್ತೇವೆ. ಎರಡು ಪದಗಳನ್ನೂ ಮರಾಠಿಯ ಅರ್ಥದಲ್ಲೇ ಓದಿಕೊಳ್ಳಬೇಕಾಗಿ ವಿನಂತಿ.